ಅಂಕಿಯ ಪಕ್ಕದಲ್ಲಿ ಇಸವಿಯೂ ಇರಲಿ

“ನಮ್ಮ ಕಾಲದಲ್ಲಿ ಫಸ್ಟ್ ಕ್ಲಾಸ್ ಬಂದರೆ ಊರಿಗೆಲ್ಲ ಸಕ್ಕರೆ ಹಂಚುತ್ತಿದ್ದರು. ನೀವು ತೊಂಬತ್ತು ತಗೊಂಡೂ ಮುಖ ಸಣ್ಣ ಮಾಡಿಕೊಂಡು ಕೂತಿರ್ತೀರಿ.” ಈ ಮಾತು ಕೇಳದೆ ದೊಡ್ಡವರಾದವರು ನಮ್ಮಲ್ಲಿ ಕಡಿಮೆ. ನಮ್ಮ ಉತ್ತರವೂ ನಾಲಿಗೆಯ ತುದಿಯಲ್ಲೇ ಇರುತ್ತದೆ: “ನಿಮ್ಮ ಕಾಲದಲ್ಲಿ ಡಿಗ್ರಿ ಮುಗಿಸಿದರೆ ಕೆಲಸ ಮನೆ ಬಾಗಿಲಿಗೆ ಬರುತ್ತಿತ್ತು. ಈಗ ಬಂದು ಒಂದು ಎಕ್ಸಾಂ ಬರೆದು ನೋಡಿ.” ವಾದ ಅಲ್ಲಿಗೆ ನಿಲ್ಲುತ್ತದೆ. ಯಾರೂ ಗೆಲ್ಲುವುದಿಲ್ಲ, ಯಾರೂ ಸೋಲುವುದಿಲ್ಲ, ಊಟ ಮಾತ್ರ ತಣ್ಣಗಾಗಿರುತ್ತದೆ.

ಹಾಸ್ಟೆಲ್‌ನಲ್ಲಿ ಇದೇ ಜಗಳ ಕ್ರಿಕೆಟ್‌ನ ವೇಷದಲ್ಲಿ ಬರುತ್ತದೆ. ಗಾವಸ್ಕರ್ ದೊಡ್ಡವರೋ ಕೊಹ್ಲಿ ದೊಡ್ಡವರೋ ಎಂದು ರಾತ್ರಿ ಎರಡು ಗಂಟೆಯವರೆಗೆ ಕೂಗಾಡಿದ ಮೇಲೂ ಉತ್ತರ ಸಿಗುವುದಿಲ್ಲ. ಏಕೆಂದರೆ ನಾವು ಅಂಕಿಗಳನ್ನು ಹೋಲಿಸುತ್ತೇವೆ, ಆ ಅಂಕಿಗಳು ಹುಟ್ಟಿದ ಪರಿಸ್ಥಿತಿಯನ್ನು ಹೋಲಿಸುವುದಿಲ್ಲ.

ಹಾಗೆ ಹೋಲಿಸುವುದು ಹೇಗೆ ಎಂದು ಕಲಿಯಲು ನನಗೆ ಸಿಕ್ಕ ಒಳ್ಳೆಯ ಪಾಠಶಾಲೆ ಅಮೆರಿಕದ ಬೇಸ್‌ಬಾಲ್. ನಾವು ಅಷ್ಟಾಗಿ ನೋಡದ ಆಟ, ನಿಜ. ಆದರೆ ಅಲ್ಲಿನ ನ್ಯಾಷನಲ್ ಲೀಗ್ ಶುರುವಾದದ್ದು 1876ರಲ್ಲಿ. ಅಂದಿನಿಂದ ಲೆಕ್ಕ ಇಡುತ್ತಲೇ ಬಂದಿದ್ದಾರೆ. ಆ ಲೆಕ್ಕದಲ್ಲಿ ಜನ ಅತಿ ಹೆಚ್ಚು ಪ್ರೀತಿಸುವ, ಅತಿ ಹೆಚ್ಚು ಜಗಳವಾಡುವ ಅಂಕಿ ಒಂದೇ: ಹೋಮ್ ರನ್.

ಗೊತ್ತಿಲ್ಲದವರಿಗೆ ಎರಡು ಮಾತು. ಪಿಚರ್ ಎಸೆದ ಚೆಂಡನ್ನು ಬ್ಯಾಟರ್ ಎದುರಿನ ಗೋಡೆಯ ಆಚೆಗೆ ಹೊಡೆದರೆ ಅದು ಹೋಮ್ ರನ್. ನಮ್ಮ ಸಿಕ್ಸರ್‌ನ ಅಣ್ಣ ಎನ್ನಿ. ಆದರೆ ಸಿಕ್ಸರ್‌ನಷ್ಟು ಸುಲಭವಲ್ಲ. ಬ್ಯಾಟು ಗುಂಡಗಿರುತ್ತದೆ, ಒಂದು ಪಂದ್ಯದಲ್ಲಿ ಒಬ್ಬನಿಗೆ ಸಿಗುವುದು ನಾಲ್ಕೈದು ಸರದಿ. ಒಂದು ಸೀಸನ್‌ಗೆ ಈಗ 162 ಪಂದ್ಯ. ಅಷ್ಟರಲ್ಲಿ 40 ಹೊಡೆದವನು ದೊಡ್ಡ ಆಟಗಾರ. 60 ಮುಟ್ಟಿದರೆ ಚರಿತ್ರೆ. 2025ರ ಸೀಸನ್‌ವರೆಗೆ ಆ ಗಡಿ ಮುಟ್ಟಿದ್ದು ಹತ್ತೇ ಸಲ, ಏಳೇ ಜನ.

ಆ ಹತ್ತು ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿಬಿಟ್ಟರೆ ಉತ್ತರ ಸಿಕ್ಕಿತಲ್ಲ ಎನ್ನಬಹುದು. ಬ್ಯಾರಿ ಬಾಂಡ್ಸ್ 73, ಅವರೇ ಮೊದಲು. ಬೇಬ್ ರೂತ್ 60, ಅವರು ಕೊನೆಯ ಸಾಲಿಗೆ. ಹೀಗೆ ಜೋಡಿಸುವುದು ತಪ್ಪು ಎಂಬುದೇ ನನ್ನ ವಾದ. ಅಂಕಿಯ ಪಕ್ಕದಲ್ಲಿ ಇಸವಿ ಬರೆಯದೆ ಹೋದರೆ ಅದು ಅರ್ಧ ಸತ್ಯ.

ಗೋಡೆ ಹತ್ತಿರವಾದ ವರ್ಷ

1884ರಲ್ಲಿ ಷಿಕಾಗೊ ತಂಡದ ನೆಡ್ ವಿಲಿಯಮ್ಸನ್ 27 ಹೋಮ್ ರನ್ ಹೊಡೆದರು. ಆ ಕಾಲಕ್ಕೆ ಅದು ಕೇಳರಿಯದ ದಾಖಲೆ. 35 ವರ್ಷ ಯಾರೂ ಮುರಿಯಲಿಲ್ಲ. ಹಾಗಾದರೆ ವಿಲಿಯಮ್ಸನ್ ಆ ಯುಗದ ಭೀಮನೇ?

ಹಿಂದಿನ ವರ್ಷ, 1883ರಲ್ಲಿ, ಅವರು ಹೊಡೆದದ್ದು ಎರಡೇ ಹೋಮ್ ರನ್. ಮುಂದಿನ ವರ್ಷ, 1885ರಲ್ಲಿ, ಮೂರೇ. ನಡುವಿನ ಒಂದು ವರ್ಷ 27 ಹೇಗಾಯಿತು? ಷಿಕಾಗೊ ಮೈದಾನದ ಎರಡೂ ಬದಿಯ ಬೇಲಿ 200 ಅಡಿಗೂ ಕಡಿಮೆ ದೂರದಲ್ಲಿತ್ತು. ಅದರಾಚೆಗೆ ಹೋದ ಚೆಂಡಿಗೆ 1883ರವರೆಗೆ ಎರಡು ಬೇಸ್ ಮಾತ್ರ ಕೊಡುತ್ತಿದ್ದರು. 1884ರಲ್ಲಿ ನಿಯಮ ಬದಲಾಗಿ ಅದೇ ಹೊಡೆತ ಹೋಮ್ ರನ್ ಆಯಿತು. 1885ರಲ್ಲಿ ತಂಡ ಬೇರೆ ಮೈದಾನಕ್ಕೆ ಹೋಯಿತು. ವಿಲಿಯಮ್ಸನ್‌ರ 27ರಲ್ಲಿ 25 ಬಂದದ್ದು ತವರಿನ ಆ ಪುಟ್ಟ ಮೈದಾನದಲ್ಲಿ. ಆಟಗಾರ ಅದೇ, ತೋಳು ಅದೇ. ಬದಲಾದದ್ದು ಬೇಲಿಯ ಲೆಕ್ಕ.

ಇದಕ್ಕೆ ತದ್ವಿರುದ್ಧದ ಕಥೆ ಫ್ರಾಂಕ್ ಬೇಕರ್‌ ಅವರದು. ಅವರಿಗೆ ಅಭಿಮಾನಿಗಳು ಇಟ್ಟ ಹೆಸರೇ ‘ಹೋಮ್ ರನ್ ಬೇಕರ್’. 1911ರಿಂದ 1914ರವರೆಗೆ ಸತತ ನಾಲ್ಕು ವರ್ಷ ಅಮೆರಿಕನ್ ಲೀಗ್‌ನಲ್ಲಿ ಅವರೇ ಮುಂದೆ. ಎಷ್ಟು ಹೊಡೆದಿದ್ದರು ಗೊತ್ತೇ? 11, 10, 12, 9. ವೃತ್ತಿಜೀವನದ ಯಾವ ವರ್ಷವೂ ಅವರು 12 ದಾಟಲಿಲ್ಲ. ಇಂದು 12 ಹೊಡೆದವನ ಹೆಸರು ಅವನ ಬೀದಿಯವರಿಗೂ ನೆನಪಿರುವುದಿಲ್ಲ.

ಬೇಕರ್ ದುರ್ಬಲರಾಗಿದ್ದರು ಎಂದಲ್ಲ. ಆಗಿನ ಚೆಂಡೇ ಸತ್ತಂತಿತ್ತು. ಅದಕ್ಕೇ 1920ರ ಹಿಂದಿನ ಕಾಲವನ್ನು ‘ಡೆಡ್ ಬಾಲ್’ ಯುಗ ಎನ್ನುತ್ತಾರೆ. ಒಂದೇ ಚೆಂಡನ್ನು ಮೆತ್ತಗಾಗುವವರೆಗೂ, ಮಣ್ಣು ಹತ್ತಿ ಕಪ್ಪಾಗುವವರೆಗೂ ಬಳಸುತ್ತಿದ್ದರು. ಪಿಚರ್‌ಗಳು ಅದಕ್ಕೆ ಉಗುಳು ಹಚ್ಚಿ ಎಸೆಯುತ್ತಿದ್ದರು, ಅದೂ ನಿಯಮದ ಪ್ರಕಾರವೇ. ಕ್ರಿಕೆಟ್‌ನಲ್ಲಿ ಉಗುಳಿಗೆ ತಡೆ ಬರಲು ಕೋವಿಡ್ ಬೇಕಾಯಿತು. ಬೇಸ್‌ಬಾಲ್‌ನಲ್ಲಿ ಅದು 1920ರಲ್ಲೇ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ಕ್ಲೀವ್‌ಲ್ಯಾಂಡ್ ತಂಡದ ರೇ ಚಾಪ್‌ಮನ್ ತಲೆಗೆ ಚೆಂಡು ಬಡಿದು ಮರುದಿನ ತೀರಿಕೊಂಡರು. ಆ ಸಾವಿನ ನಂತರ ಕೊಳೆಯಾದ ಚೆಂಡನ್ನು ತೆಗೆದು ಬಿಳಿ ಚೆಂಡು ಕೊಡುವ ಪದ್ಧತಿ ಗಟ್ಟಿಯಾಯಿತು. ಬ್ಯಾಟರ್‌ಗೆ ಚೆಂಡು ಕಾಣತೊಡಗಿತು. ಕಂಡ ಚೆಂಡು ಗೋಡೆ ದಾಟತೊಡಗಿತು.

ಅಪ್ಪನ ಕಾಲದ ಫಸ್ಟ್ ಕ್ಲಾಸ್‌ಗೂ ಬೇಕರ್‌ರ 12 ಹೋಮ್ ರನ್‌ಗೂ ಹೆಚ್ಚು ವ್ಯತ್ಯಾಸವಿಲ್ಲ. ಮೌಲ್ಯಮಾಪಕರು ಮುಷ್ಟಿ ಬಿಗಿ ಹಿಡಿದು ಅಂಕ ಕೊಡುತ್ತಿದ್ದ ಕಾಲದ ಅರವತ್ತನ್ನು, 625ಕ್ಕೆ 625 ಪಡೆದವರು ಒಬ್ಬರಿಗಿಂತ ಹೆಚ್ಚು ಇರುವ ಕಾಲದ ತೊಂಬತ್ತರ ಜೊತೆ ತಕ್ಕಡಿಗೆ ಹಾಕಿದರೆ ತಕ್ಕಡಿ ಸುಳ್ಳು ಹೇಳದೆ ಇನ್ನೇನು ಮಾಡೀತು?

ಪಕ್ಕದವನಿಗಿಂತ ಎಷ್ಟು ಮುಂದೆ?

ಹಾಗಾದರೆ ಬೇರೆ ಬೇರೆ ಕಾಲದವರನ್ನು ಹೋಲಿಸುವುದೇ ಬೇಡವೇ? ಬೇಕು. ಆದರೆ ಅಳತೆಗೋಲು ಬದಲಾಗಬೇಕು. ಇವನ ಅಂಕಿಯನ್ನು ಅವನ ಅಂಕಿಯ ಪಕ್ಕ ಇಡುವ ಬದಲು, ಪ್ರತಿಯೊಬ್ಬರನ್ನೂ ಅವರವರ ಕಾಲದ ಜೊತೆಗಾರರ ಪಕ್ಕ ನಿಲ್ಲಿಸಬೇಕು. ಅದೇ ಚೆಂಡು, ಅದೇ ಗೋಡೆ, ಅದೇ ನಿಯಮ ಇದ್ದಾಗ ಉಳಿದವರು ಏನು ಮಾಡಿದರು, ಈತ ಏನು ಮಾಡಿದ?

ಈ ಅಳತೆಗೋಲು ಹಿಡಿದಾಗ ಬೇಬ್ ರೂತ್ ಎಂಬ ಮನುಷ್ಯ ಕಣ್ಣು ಕೋರೈಸುತ್ತಾರೆ. ಬೋಸ್ಟನ್ ರೆಡ್ ಸಾಕ್ಸ್‌ಗೆ ಪಿಚರ್ ಆಗಿ ಬಂದವರು ಅವರು. 1919ರಲ್ಲಿ, ಚೆಂಡು ಇನ್ನೂ ಕೊಳೆಯಾಗಿದ್ದಾಗಲೇ, 29 ಹೊಡೆದು ವಿಲಿಯಮ್ಸನ್‌ರ ದಾಖಲೆ ಅಳಿಸಿದರು. ಮರುವರ್ಷ ನ್ಯೂಯಾರ್ಕ್ ಯಾಂಕೀಸ್‌ಗೆ ಹೋಗಿ 54 ಹೊಡೆದರು. ಆ ವರ್ಷ ಎರಡನೇ ಸ್ಥಾನದಲ್ಲಿದ್ದ ಜಾರ್ಜ್ ಸಿಸ್ಲರ್ ಹೊಡೆದದ್ದು 19. ಇನ್ನೂ ಸೋಜಿಗದ ಸಂಗತಿ: ಅಮೆರಿಕನ್ ಲೀಗ್‌ನ ಉಳಿದ ಏಳು ತಂಡಗಳಲ್ಲಿ ಯಾವ ತಂಡವೂ, ತನ್ನ ಆಟಗಾರರನ್ನೆಲ್ಲ ಸೇರಿಸಿಕೊಂಡರೂ, 54 ಮುಟ್ಟಲಿಲ್ಲ. 1927ರಲ್ಲಿ 60 ಹೊಡೆದಾಗಲೂ ಅದೇ ಕಥೆ. ಲೀಗ್‌ನ ಬೇರೆ ಯಾವ ತಂಡಕ್ಕೂ ಆ ಸೀಸನ್‌ನಲ್ಲಿ 60 ಹೋಮ್ ರನ್ ಇರಲಿಲ್ಲ.

ಇಂದು ಒಬ್ಬ ಆಟಗಾರ ಒಂದು ತಂಡವನ್ನು ಹಿಂದೆ ಹಾಕಬೇಕಾದರೆ ನೂರಕ್ಕಿಂತ ಎಷ್ಟೋ ಹೆಚ್ಚು ಹೊಡೆಯಬೇಕು. ಆ ಕನಸನ್ನೂ ಯಾರೂ ಕಾಣುವುದಿಲ್ಲ.

ಆದರೆ ಈ ಅಳತೆಗೋಲನ್ನೂ ಕುರುಡಾಗಿ ನಂಬುವಂತಿಲ್ಲ. ರೂತ್ ಅಷ್ಟು ಮುಂದೆ ಕಾಣಲು ಒಂದು ಕಾರಣ, ಉಳಿದವರು ಹೋಮ್ ರನ್‌ಗೆ ಪ್ರಯತ್ನವನ್ನೇ ಮಾಡುತ್ತಿರಲಿಲ್ಲ. ಚೆಂಡನ್ನು ಮೆಲ್ಲಗೆ ತಳ್ಳಿ ಓಡುವುದೇ ಜಾಣತನ ಎಂಬ ನಂಬಿಕೆ ಇತ್ತು. ರೂತ್ ಬೇರೆ ಪ್ರಶ್ನೆಪತ್ರಿಕೆಗೇ ಉತ್ತರ ಬರೆದರು. ಅದು ಅವರ ಹಿರಿಮೆಯೂ ಹೌದು, ಅವರ ಅನುಕೂಲವೂ ಹೌದು.

ಇನ್ನೊಂದು ಕಾರಣವನ್ನು ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಚೆನ್ನಾಗಿ ವಿವರಿಸಿದ್ದಾರೆ. 1941ರಲ್ಲಿ ಟೆಡ್ ವಿಲಿಯಮ್ಸ್ 0.406 ಸರಾಸರಿ ಗಳಿಸಿದ ನಂತರ ಅಮೆರಿಕನ್ ಲೀಗ್‌ನಲ್ಲಾಗಲೀ ನ್ಯಾಷನಲ್ ಲೀಗ್‌ನಲ್ಲಾಗಲೀ ಯಾರೂ 0.400 ದಾಟಿಲ್ಲ. ಆಟಗಾರರು ಕೆಟ್ಟವರಾದದ್ದು ಇದಕ್ಕೆ ಕಾರಣವಲ್ಲ, ಎಲ್ಲರೂ ಒಳ್ಳೆಯವರಾದದ್ದು ಕಾರಣ ಎಂಬುದು ಗೂಲ್ಡ್ ವಾದ. ಸಾಮಾನ್ಯ ಆಟಗಾರನ ಮಟ್ಟ ಏರಿದಾಗ ತುದಿಯಲ್ಲಿರುವವನಿಗೂ ಅವನಿಗೂ ಇರುವ ಅಂತರ ಕುಗ್ಗುತ್ತದೆ. ಕುಬ್ಜ ಗಿಡಗಳ ನಡುವೆ ತೆಂಗಿನಮರ ಎದ್ದು ಕಾಣುತ್ತದೆ. ತೆಂಗಿನ ತೋಟದಲ್ಲಿ ಅದೇ ಎತ್ತರದ ಮರ ಕಣ್ಣಿಗೆ ಬೀಳುವುದಿಲ್ಲ. ಇಂದಿನವರು ರೂತ್‌ರಷ್ಟು ಎದ್ದು ಕಾಣದಿರಲು ಇದೂ ಕಾರಣ.

ಎಂಟು ಪಂದ್ಯಗಳ ತಕರಾರು

ಪರಿಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದರೆ, ಇಷ್ಟವಿಲ್ಲದವರ ಸಾಧನೆಗೆ ಮಾತ್ರ ಷರಾ ಬರೆಯಿರಿ ಎಂದು ಅರ್ಥವಲ್ಲ. ಅದು ನಡೆದುಹೋದದ್ದು ರೋಜರ್ ಮಾರಿಸ್ ವಿಷಯದಲ್ಲಿ.

1961ರಲ್ಲಿ ಅಮೆರಿಕನ್ ಲೀಗ್ 8 ತಂಡಗಳಿಂದ 10ಕ್ಕೆ ಬೆಳೆಯಿತು. ಸೀಸನ್ 154 ಪಂದ್ಯಗಳಿಂದ 162ಕ್ಕೆ ಏರಿತು. ಅದೇ ವರ್ಷ ಯಾಂಕೀಸ್‌ನ ಮಾರಿಸ್ ರೂತ್‌ರ 60ರ ಬೆನ್ನು ಹತ್ತಿದರು. ಅರ್ಧ ಸೀಸನ್ ಮುಗಿದ ಮೇಲೆ ಬೇಸ್‌ಬಾಲ್ ಕಮಿಷನರ್ ಫೋರ್ಡ್ ಫ್ರಿಕ್ ಘೋಷಿಸಿದರು: 154 ಪಂದ್ಯಗಳೊಳಗೆ ಮುರಿದರೆ ಸರಿ, ಇಲ್ಲದಿದ್ದರೆ ದಾಖಲೆ ಪುಸ್ತಕದಲ್ಲಿ ಎರಡನ್ನೂ ಬೇರೆಬೇರೆಯಾಗಿ ತೋರಿಸಬೇಕು. ಈ ಫ್ರಿಕ್ ಹಿಂದೆ ಪತ್ರಕರ್ತರಾಗಿದ್ದಾಗ ರೂತ್‌ರ ಹೆಸರಿನಲ್ಲಿ ಲೇಖನ ಬರೆದುಕೊಡುತ್ತಿದ್ದವರು ಎಂಬುದನ್ನು ಮರೆಯಬಾರದು. ಮಾರಿಸ್ 61ನೆಯದನ್ನು ಹೊಡೆದದ್ದು ಅಕ್ಟೋಬರ್ 1ರಂದು, ಸೀಸನ್‌ನ ಕೊನೆಯ ದಿನ.

ಮೇಲ್ನೋಟಕ್ಕೆ ಫ್ರಿಕ್ ಹೇಳಿದ್ದು ನ್ಯಾಯವೇ ಎನಿಸುತ್ತದೆ. ಎಂಟು ಪಂದ್ಯ ಹೆಚ್ಚು ಸಿಕ್ಕಿತಲ್ಲ! ಆದರೆ ಲೆಕ್ಕ ಬಿಡಿಸಿ ನೋಡಿ. 1927ರಲ್ಲಿ ರೂತ್ ಬ್ಯಾಟ್ ಹಿಡಿದು ನಿಂತ ಸರದಿಗಳು 691. 1961ರಲ್ಲಿ ಮಾರಿಸ್‌ಗೆ ಸಿಕ್ಕಿದ್ದು 698. ವ್ಯತ್ಯಾಸ ಏಳೇ ಸರದಿ. ಇನ್ನು ಪರಿಸ್ಥಿತಿಯ ಮಾತೇ ಬಂದರೆ, ರೂತ್ ಆಡಿದ್ದೆಲ್ಲ ಹಗಲು ಬೆಳಕಿನಲ್ಲಿ. ಮೇಜರ್ ಲೀಗ್‌ನಲ್ಲಿ ದೀಪದ ಬೆಳಕಿನ ಪಂದ್ಯ ಮೊದಲು ನಡೆದದ್ದು 1935ರಲ್ಲಿ. ಮಾರಿಸ್ ರಾತ್ರಿ ಪಂದ್ಯಗಳನ್ನೂ ಆಡಬೇಕಿತ್ತು. ಅದಕ್ಕೆ ಯಾರೂ ಅವರಿಗೆ ಗ್ರೇಸ್ ಮಾರ್ಕ್ಸ್ ಕೊಡಲಿಲ್ಲ. ಆ ಷರಾವನ್ನು ಅಳಿಸಿಹಾಕಿದ್ದು 1991ರಲ್ಲಿ. ಮಾರಿಸ್ 1985ರಲ್ಲೇ ತೀರಿಕೊಂಡಿದ್ದರು.

ಷರಾ ಬರೆಯುವುದಾದರೆ ಎಲ್ಲರ ಹೆಸರಿನ ಮುಂದೆಯೂ ಬರೆಯಬೇಕು. ಒಬ್ಬನ ಮುಂದೆ ಮಾತ್ರ ಬರೆದರೆ ಅದು ಪಕ್ಷಪಾತ.

ಮೈದಾನಕ್ಕೇ ಬಿಡದವರು

ಜೊತೆಗಾರರ ಪಕ್ಕ ನಿಲ್ಲಿಸಿ ಅಳೆಯಬೇಕು ಎಂದೆ. ಆದರೆ ಜೊತೆಗಾರರು ಯಾರಾಗಬೇಕು ಎಂದು ನಿರ್ಧರಿಸಿದವರು ಯಾರು? ಹೋಲಿಕೆಯಲ್ಲಿ ನಾವು ಕೇಳಲೇಬೇಕಾದ, ಸಾಮಾನ್ಯವಾಗಿ ಮರೆಯುವ ಪ್ರಶ್ನೆ ಇದು.

ರೂತ್ ಆಡಿದ ಮೇಜರ್ ಲೀಗ್‌ಗೆ ಕಪ್ಪುವರ್ಣೀಯರಿಗೆ ಪ್ರವೇಶವಿರಲಿಲ್ಲ. ಲಿಖಿತ ನಿಯಮ ಬೇಕಿರಲಿಲ್ಲ, ಒಳ ಒಪ್ಪಂದ ಸಾಕಿತ್ತು. ಅವರು ತಮ್ಮದೇ ನೀಗ್ರೊ ಲೀಗ್‌ಗಳಲ್ಲಿ ಆಡಿದರು. ಅಲ್ಲಿ ಹೋಮ್‌ಸ್ಟೆಡ್ ಗ್ರೇಸ್ ತಂಡದ ಜಾಶ್ ಗಿಬ್ಸನ್ ಎಂಬ ಕ್ಯಾಚರ್ ಇದ್ದರು. ಹಾಲ್ ಆಫ್ ಫೇಮ್‌ನಲ್ಲಿರುವ ಅವರ ಫಲಕ, ಲೀಗ್ ಮತ್ತು ಊರೂರು ಸುತ್ತಿ ಆಡಿದ ಪಂದ್ಯಗಳನ್ನೆಲ್ಲ ಸೇರಿಸಿ, ಸುಮಾರು 800 ಹೋಮ್ ರನ್ ಎನ್ನುತ್ತದೆ. ಅಧಿಕೃತ ಲೆಕ್ಕ 200 ಕೂಡ ಮುಟ್ಟುವುದಿಲ್ಲ. ಏಕೆಂದರೆ ಆ ಲೀಗ್‌ಗಳ ಸೀಸನ್ ಚಿಕ್ಕದು. ಹೊಟ್ಟೆಪಾಡಿಗೆ ಆಡಿದ ಉಳಿದ ನೂರಾರು ಪಂದ್ಯಗಳ ಲೆಕ್ಕವನ್ನು ಅಚ್ಚುಕಟ್ಟಾಗಿ ಇಟ್ಟವರಿಲ್ಲ. ಗಿಬ್ಸನ್ 1947ರ ಜನವರಿಯಲ್ಲಿ, 35ನೇ ವಯಸ್ಸಿನಲ್ಲಿ ತೀರಿಕೊಂಡರು. ಜಾಕಿ ರಾಬಿನ್ಸನ್ ಮೇಜರ್ ಲೀಗ್‌ಗೆ ಕಾಲಿಟ್ಟು ಬಣ್ಣದ ಗೋಡೆ ಒಡೆದದ್ದು ಅದೇ ವರ್ಷ ಏಪ್ರಿಲ್ 15ರಂದು. ಮೂರು ತಿಂಗಳ ಅಂತರ.

2024ರ ಮೇ ತಿಂಗಳಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ನೀಗ್ರೊ ಲೀಗ್‌ಗಳ ಅಂಕಿಗಳನ್ನು ತನ್ನ ದಾಖಲೆಗೆ ಸೇರಿಸಿಕೊಂಡಿತು. ಗಿಬ್ಸನ್‌ರ 0.372 ಸರಾಸರಿ ಈಗ ಸಾರ್ವಕಾಲಿಕ ಪಟ್ಟಿಯ ಮೊದಲ ಸಾಲಿನಲ್ಲಿದೆ. ಒಳ್ಳೆಯ ಕೆಲಸವೇ. ಆದರೆ ಬರೆದಿಡದ ಹೋಮ್ ರನ್‌ಗಳನ್ನು ಯಾವ ಸಮಿತಿಯೂ ಮರಳಿ ತರಲಾರದು. ರೂತ್ ಎದುರಿಸದ ಕಪ್ಪುವರ್ಣೀಯ ಪಿಚರ್‌ಗಳು ರೂತ್‌ರ 714ರ ಒಳಗೆ ಅಡಗಿ ಕೂತಿದ್ದಾರೆ.

ಆ 714ನ್ನು ದಾಟಿದ್ದು ಅಂಥದ್ದೇ ಲೀಗ್‌ನಿಂದ ಬಂದ ಹ್ಯಾಂಕ್ ಆರನ್. 1952ರಲ್ಲಿ ಇಂಡಿಯಾನಾಪೊಲಿಸ್ ಕ್ಲೌನ್ಸ್ ಎಂಬ ಕಪ್ಪುವರ್ಣೀಯರ ತಂಡದಲ್ಲಿ ಆಡಿದ್ದ ಹುಡುಗ. ಅವರು ಒಂದು ಸೀಸನ್‌ನಲ್ಲೂ 50 ಹೊಡೆದವರಲ್ಲ. ಅತಿ ಹೆಚ್ಚು ಎಂದರೆ 47. ಆದರೆ ಸತತ 20 ಸೀಸನ್ 20ಕ್ಕೆ ಕಡಿಮೆ ಆಗಲಿಲ್ಲ. 1974ರ ಏಪ್ರಿಲ್ 8ರಂದು 715ನೆಯದನ್ನು ಹೊಡೆಯುವವರೆಗೆ ಅವರ ಮನೆಗೆ ಬಂದ ಪತ್ರಗಳ ರಾಶಿಯಲ್ಲಿ ಕೊಲೆ ಬೆದರಿಕೆಗಳಿದ್ದವು. ಕಪ್ಪು ಮನುಷ್ಯನೊಬ್ಬ ರೂತ್‌ರನ್ನು ದಾಟುವುದು ಹಲವರಿಗೆ ಸಹಿಸಲಾಗಲಿಲ್ಲ. ಚೆಂಡಿನ ಗುಣ, ಗೋಡೆಯ ದೂರ, ಪಂದ್ಯಗಳ ಸಂಖ್ಯೆ ಎಲ್ಲವನ್ನೂ ಲೆಕ್ಕ ಹಾಕುವ ಪಂಡಿತರು ಇದನ್ನು ಯಾವ ಸೂತ್ರದಲ್ಲಿ ಹಾಕುತ್ತಾರೆ?

ಆರನ್ 755ಕ್ಕೆ ನಿಂತರು. ಅತ್ತ ಜಪಾನಿನಲ್ಲಿ ಸದಾಹರು ಓ ಒಂದು ಕಾಲೆತ್ತಿ ನಿಂತು ಹೊಡೆಯುವ ತಮ್ಮ ವಿಚಿತ್ರ ಶೈಲಿಯಲ್ಲಿ 1980ರ ಹೊತ್ತಿಗೆ 868 ಮುಗಿಸಿದ್ದರು. ಬೇರೆ ಲೀಗ್, ಚಿಕ್ಕ ಮೈದಾನಗಳು, ಜೊತೆಗೆ ಚಿಕ್ಕ ಸೀಸನ್ ಕೂಡ. ಅವರನ್ನು ಆರನ್‌ಗಿಂತ ಮೇಲೆ ಇಡಬೇಕೇ? ನಾನು ಇಡುವುದಿಲ್ಲ. ಹಾಗೆಂದು ಕೆಳಗೂ ಇಡುವುದಿಲ್ಲ. ಅವರು ತಮ್ಮ ಲೀಗ್‌ನಲ್ಲಿ ಮಾಡಿದ್ದನ್ನು ಅಲ್ಲಿ ಇನ್ನಾರೂ ಮಾಡಲಿಲ್ಲ. ಅಷ್ಟು ಸಾಕು.

ಎಲ್ಲರೂ ಒಮ್ಮೆಲೇ ಬಲಶಾಲಿಗಳಾದಾಗ

ಮಾರಿಸ್‌ರ 61 ಮೂವತ್ತೇಳು ವರ್ಷ ಉಳಿಯಿತು. ಆಮೇಲೆ 1998ರಿಂದ 2001ರವರೆಗಿನ ನಾಲ್ಕೇ ಸೀಸನ್‌ಗಳಲ್ಲಿ ಆರು ಸಲ ದಾಟಿಹೋಯಿತು. ಮಾರ್ಕ್ ಮ್ಯಾಕ್‌ಗ್ವಯರ್ 70 ಮತ್ತು 65. ಸ್ಯಾಮಿ ಸೋಸಾ 66, 63, 64. ಬಾಂಡ್ಸ್ 73. ಇಡೀ ಕ್ಲಾಸೇ ಒಮ್ಮೆಲೇ ನೂರಕ್ಕೆ ತೊಂಬತ್ತೆಂಟು ತೆಗೆದರೆ ಮೇಷ್ಟ್ರಿಗೆ ಅನುಮಾನ ಬರುವುದು ಸಹಜ. ಅಲ್ಲಿ ಪ್ರೇಕ್ಷಕರು ಮೊದಲು ಕುಣಿದರು, ಆಮೇಲೆ ಅನುಮಾನಪಟ್ಟರು.

ಸ್ಟೆರಾಯ್ಡ್ ಬಳಕೆಗೆ ಶಿಕ್ಷೆಯಿರುವ ಪರೀಕ್ಷೆ ಮೇಜರ್ ಲೀಗ್‌ನಲ್ಲಿ ಶುರುವಾದದ್ದೇ 2004ರಲ್ಲಿ. ಮ್ಯಾಕ್‌ಗ್ವಯರ್ 2010ರಲ್ಲಿ ತಾವು ಬಳಸಿದ್ದನ್ನು ಒಪ್ಪಿಕೊಂಡರು. ಬಾಂಡ್ಸ್ ಗೊತ್ತಿದ್ದು ಬಳಸಲಿಲ್ಲ ಎಂದೇ ಹೇಳಿದರು. ತನಿಖೆಗೆ ಅಡ್ಡಿಪಡಿಸಿದ ಆರೋಪದಲ್ಲಿ ಅವರನ್ನು ತಪ್ಪಿತಸ್ಥರೆಂದ ತೀರ್ಪನ್ನೂ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ರದ್ದು ಮಾಡಿತು. ಆದರೂ 762 ಹೋಮ್ ರನ್‌ಗಳ ಸಾರ್ವಕಾಲಿಕ ದಾಖಲೆ ಇಟ್ಟುಕೊಂಡಿರುವ ಅವರಿಗೆ ಬರಹಗಾರರು ಹತ್ತು ವರ್ಷ ಮತ ಹಾಕಿಯೂ ಹಾಲ್ ಆಫ್ ಫೇಮ್‌ನ ಬಾಗಿಲು ತೆರೆಯಲಿಲ್ಲ.

ಇಲ್ಲಿ ನನ್ನ ನಿಲುವು ಸ್ಪಷ್ಟ. ಗೋಡೆ ಹತ್ತಿರವಾದದ್ದು, ಚೆಂಡು ಹೊಸದಾದದ್ದು ಎಲ್ಲರಿಗೂ ಸಮಾನವಾಗಿ ಸಿಕ್ಕ ಪರಿಸ್ಥಿತಿ. ಔಷಧಿ ಹಾಗಲ್ಲ. ಅದು ಕದ್ದುಮುಚ್ಚಿ ಕೆಲವರು ತೆಗೆದುಕೊಂಡದ್ದು. ಪ್ರಾಮಾಣಿಕನಾಗಿ ಉಳಿದವನು ಅದೇ ಕಾರಣಕ್ಕೆ ತಂಡದಲ್ಲಿ ಜಾಗ ಕಳೆದುಕೊಂಡಿರಬಹುದು. ಸೋರಿಕೆಯಾದ ಪ್ರಶ್ನೆಪತ್ರಿಕೆ ಎಷ್ಟು ಜನರ ವರ್ಷಗಳನ್ನು ನುಂಗುತ್ತದೆ ಎಂದು ಪರೀಕ್ಷೆ ಬರೆಯುವ ನಮಗೆ ಯಾರೂ ವಿವರಿಸಬೇಕಿಲ್ಲ. 73 ಪುಸ್ತಕದಲ್ಲಿ ಇರಲಿ, ಅಳಿಸುವುದು ಬೇಡ. ಪಕ್ಕದಲ್ಲಿ 2001 ಎಂಬ ಇಸವಿ ಇದ್ದರೆ ಓದುವವನು ಉಳಿದದ್ದನ್ನು ತಾನೇ ಓದಿಕೊಳ್ಳುತ್ತಾನೆ.

ಇಂದಿನವರು ಎಲ್ಲಿ ನಿಲ್ಲುತ್ತಾರೆ?

“ಈಗಿನವರು ಬರೀ ಬೀಸುತ್ತಾರೆ” ಎಂಬುದು ಹಳಬರ ದೂರು. ಸುಳ್ಳಲ್ಲ. ಯಾಂಕೀಸ್‌ನ ಆರನ್ ಜಡ್ಜ್ 2022ರಲ್ಲಿ 62 ಹೊಡೆದಾಗ 175 ಸಲ ಸ್ಟ್ರೈಕ್‌ಔಟ್ ಆಗಿದ್ದರು. ರೂತ್ ಯಾವ ವರ್ಷವೂ 93 ದಾಟಲಿಲ್ಲ. ಜೋ ಡಿಮ್ಯಾಜಿಯೊ ಇಡೀ ಜೀವನದಲ್ಲಿ 361 ಹೋಮ್ ರನ್ ಹೊಡೆದು ಸ್ಟ್ರೈಕ್‌ಔಟ್ ಆದದ್ದು 369 ಸಲ ಮಾತ್ರ.

ಆದರೆ ಎದುರಿಗೆ ಯಾರಿದ್ದಾರೆ ನೋಡಿ. 1920ರ ದಶಕದಲ್ಲಿ ಪಂದ್ಯ ಆರಂಭಿಸಿದ ಪಿಚರೇ ಸುಮಾರು ಅರ್ಧದಷ್ಟು ಸಲ ಕೊನೆಯವರೆಗೂ ಎಸೆಯುತ್ತಿದ್ದ. ನಾಲ್ಕನೇ ಸರದಿಯ ಹೊತ್ತಿಗೆ ಅವನ ತೋಳು ಸೋತಿರುತ್ತಿತ್ತು, ಬ್ಯಾಟರ್‌ಗೆ ಅವನ ಗುಟ್ಟೆಲ್ಲ ತಿಳಿದಿರುತ್ತಿತ್ತು. ಈಗ ಹಾಗೆ ಮುಗಿಸುವವರು ನೂರಕ್ಕೆ ಒಬ್ಬರೂ ಇಲ್ಲ. ಪ್ರತಿ ಸರದಿಗೂ ಹೊಸ ಪಿಚರ್, ಹೊಸ ತೋಳು, ಗಂಟೆಗೆ ಸರಾಸರಿ 150 ಕಿ.ಮೀ. ಆಸುಪಾಸಿನ ವೇಗದ ಚೆಂಡು. 2015ರಿಂದ ಸ್ಟ್ಯಾಟ್‌ಕಾಸ್ಟ್ ಎಂಬ ವ್ಯವಸ್ಥೆ ಚೆಂಡಿನ ವೇಗ, ತಿರುವು, ಹೊಡೆತದ ಕೋನ ಎಲ್ಲವನ್ನೂ ಅಳೆಯುತ್ತಿದೆ. ಬ್ಯಾಟರ್‌ನ ದೌರ್ಬಲ್ಯ ಎದುರಾಳಿಯ ಟ್ಯಾಬ್ಲೆಟ್‌ನಲ್ಲಿ ಮೊದಲೇ ಇರುತ್ತದೆ. ಅಂದು 16 ತಂಡಗಳಿಗೆ ಬಿಳಿಯರಿಂದ ಮಾತ್ರ ಆಟಗಾರರನ್ನು ಆರಿಸುತ್ತಿದ್ದರು. ಇಂದಿನ 30 ತಂಡಗಳಿಗೆ ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾ, ಜಪಾನ್‌ಗಳಿಂದಲೂ ಬರುತ್ತಾರೆ.

ಅನುಕೂಲಗಳೂ ಇವೆ. 2019ರಲ್ಲಿ ಒಟ್ಟು 6,776 ಹೋಮ್ ರನ್ ಬಿದ್ದವು. ಐದು ವರ್ಷ ಹಿಂದೆ, 2014ರಲ್ಲಿ, 4,186. ಚೆಂಡಿನ ಹೊಲಿಗೆಯ ಎತ್ತರ ಕೂದಲೆಳೆಯಷ್ಟು ಕಡಿಮೆಯಾಗಿ ಗಾಳಿಯ ತಡೆ ಕುಗ್ಗಿದ್ದು ಒಂದು ಕಾರಣ ಎಂದು ಲೀಗ್ ನೇಮಿಸಿದ ವಿಜ್ಞಾನಿಗಳೇ ಕಂಡುಕೊಂಡರು. ಹಾಗಾಗಿ 2019ರ 40 ಬೇರೆ, 2022ರ 40 ಬೇರೆ. ಜಡ್ಜ್ 62 ಹೊಡೆದ 2022ರಲ್ಲಿ ಲೀಗ್‌ನ ಒಟ್ಟು ಹೋಮ್ ರನ್‌ಗಳು ಹಿಂದಿನ ವರ್ಷಕ್ಕಿಂತ ಇಳಿದಿದ್ದವು. ಆ ವರ್ಷ ಎರಡನೆಯವರು ಕೈಲ್ ಶ್ವಾರ್ಬರ್, 46. ಹದಿನಾರರ ಅಂತರ. ಮ್ಯಾಕ್‌ಗ್ವಯರ್‌ಗೂ ಸೋಸಾಗೂ 1998ರಲ್ಲಿ ಇದ್ದದ್ದು ನಾಲ್ಕರ ಅಂತರ. ಬರೀ ಅಂಕಿ ನೋಡಿದರೆ 70 ದೊಡ್ಡದು. ಕಾಲದ ಜೊತೆ ಇಟ್ಟು ನೋಡಿದರೆ ನನ್ನ ಮತ 62ಕ್ಕೆ.

ಶೊಹೇ ಒಟಾನಿ 2024ರಲ್ಲಿ 54 ಹೋಮ್ ರನ್ ಹೊಡೆದು 59 ಬೇಸ್ ಕದ್ದರು. ಅಂಥ ಜೋಡಿ ಸಾಧನೆ ಹಿಂದೆಂದೂ ಆಗಿರಲಿಲ್ಲ. ಜೊತೆಗೆ ಅವರು ಪಿಚರ್ ಕೂಡ. ರೂತ್ ಬಿಟ್ಟುಹೋದ ಆ ಹಳೆಯ ಜೋಡಿ ಕಸುಬನ್ನು ನೂರು ವರ್ಷಗಳ ನಂತರ ಜಪಾನಿನ ಹುಡುಗನೊಬ್ಬ ಎತ್ತಿಕೊಂಡಿದ್ದಾನೆ. 2025ರಲ್ಲಿ ಸಿಯಾಟಲ್‌ನ ಕ್ಯಾಲ್ ರ‍್ಯಾಲಿ 60 ಮುಟ್ಟಿದರು. ಇಡೀ ಪಂದ್ಯ ಮಂಡಿಯೂರಿ ಕೂರುವ ಕ್ಯಾಚರ್ ಒಬ್ಬ ಅಲ್ಲಿಗೆ ತಲುಪಿದ್ದು ಅದೇ ಮೊದಲು.

ಒಂದಲ್ಲ, ಮೂರು ಪ್ರಶ್ನೆ

ಹಾಗಾದರೆ ಯಾರು ದೊಡ್ಡವರು? ಇದು ಒಂದೇ ಪ್ರಶ್ನೆಯಂತೆ ಕಂಡರೂ ಒಳಗೆ ಮೂರಿವೆ. ತನ್ನ ಕಾಲದವರಿಂದ ಅತಿ ದೂರ ಮುಂದೆ ಹೋದವರು ಯಾರು? ಬೇಬ್ ರೂತ್. ಇವತ್ತಿನ ಪಿಚರ್‌ಗಳ ಎದುರು ನೇರವಾಗಿ ನಿಲ್ಲಿಸಿದರೆ ಯಾರು ಹೆಚ್ಚು ಹೊಡೆದಾರು? ಜಡ್ಜ್, ಒಟಾನಿಯಂಥ ಇಂದಿನವರು. ಸಿಕ್ಕ ಕಾಲವನ್ನು, ಅದರ ವಿಷವನ್ನೂ ಸೇರಿಸಿ, ತಾಳಿಕೊಂಡು ಪೂರ್ತಿ ಬಳಸಿಕೊಂಡವರು ಯಾರು? ಹ್ಯಾಂಕ್ ಆರನ್. ಮೂರು ಪ್ರಶ್ನೆಗೆ ಮೂರು ಉತ್ತರ. ಮೂರನ್ನೂ ಕಲಸಿ ಒಂದೇ ಉತ್ತರ ಕೇಳಿದಾಗಲೇ ಜಗಳ ಶುರುವಾಗುವುದು.

ನಮಗೆ ಇದರಿಂದ ಏನು? ತುಂಬಾ ಇದೆ. ಹಲವು ಪಾಳಿಗಳಲ್ಲಿ ನಡೆಯುವ ಪರೀಕ್ಷೆಗಳಲ್ಲಿ ನಾರ್ಮಲೈಸೇಷನ್ ಎಂಬುದಿದೆಯಲ್ಲ, ಅದು ಇದೇ ತತ್ವ. ಕಷ್ಟದ ಪಾಳಿಯಲ್ಲಿ 110 ತೆಗೆದವರು ಸುಲಭದ ಪಾಳಿಯ 120ಕ್ಕಿಂತ ಮೇಲೆ ಬರಬಹುದು, ಏಕೆಂದರೆ ಅಳೆಯುವುದು ಅವರವರ ಪಾಳಿಯವರ ಜೊತೆ. ಪರೀಕ್ಷೆ ನಡೆಸುವವರಿಗೆ ಬೆಳಗಿನ ಪಾಳಿಗೂ ಮಧ್ಯಾಹ್ನದ ಪಾಳಿಗೂ ಇರುವ ವ್ಯತ್ಯಾಸ ಗೊತ್ತಿದೆ. 1985ಕ್ಕೂ 2025ಕ್ಕೂ ಇರುವ ವ್ಯತ್ಯಾಸವನ್ನು ನಾವು ಮನೆಯಲ್ಲಿ ಒಪ್ಪಿಕೊಳ್ಳುವುದಿಲ್ಲ. ಹಳೆಯ ಕಟ್‌ಆಫ್ ಹಿಡಿದುಕೊಂಡು ಈ ವರ್ಷದ ಅಂಕಕ್ಕೆ ಅಳುತ್ತೇವೆ. ಹತ್ತು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಅಣ್ಣನ ಪಕ್ಕ ನಿಂತು ನಮ್ಮ ಎತ್ತರ ಅಳೆಯುತ್ತೇವೆ.

ಇನ್ನು ಮೈದಾನಕ್ಕೇ ಬಿಡದವರ ವಿಷಯ. ಅದು ಅಮೆರಿಕದ ಕಥೆ ಮಾತ್ರವಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಡಿಸಿಕೊಂಡ ಅಜ್ಜಿಯರು ನಮ್ಮ ಎಷ್ಟು ಮನೆಗಳಲ್ಲಿದ್ದಾರೆ! ಸಂತೆಯ ಲೆಕ್ಕವನ್ನೆಲ್ಲ ಬಾಯಲ್ಲೇ ಬಿಡಿಸುವ ಅವರ ಹೆಸರು ಯಾವ ಮೆರಿಟ್ ಲಿಸ್ಟಿನಲ್ಲೂ ಇಲ್ಲ. ‘ನಮ್ಮ ಕಾಲದಲ್ಲಿ ಸ್ಪರ್ಧೆಯೇ ಇರಲಿಲ್ಲ’ ಎಂದು ಯಾರಾದರೂ ಹೇಳಿದಾಗ, ಸ್ಪರ್ಧೆಗೆ ಯಾರನ್ನು ಬಿಟ್ಟಿರಲಿಲ್ಲ ಎಂದೂ ಕೇಳಬೇಕು. ಅದನ್ನು ಕೇಳಿದರೆ ಹಿರಿಯರಿಗೆ ಅವಮಾನವಾಗುವುದಿಲ್ಲ, ಲೆಕ್ಕ ಪೂರ್ತಿಯಾಗುತ್ತದೆ.

ಆದ್ದರಿಂದ ಮುಂದಿನ ಸಲ ಯಾರಾದರೂ ನಿಮ್ಮ ಮುಂದೆ ಒಂದು ಅಂಕಿ ಇಟ್ಟರೆ, ಅದು ಹೋಮ್ ರನ್ ಇರಲಿ, ಪರ್ಸೆಂಟೇಜ್ ಇರಲಿ, ಸಂಬಳ ಇರಲಿ, ಮೂರು ಮಾತು ಕೇಳಿ. ಯಾವ ವರ್ಷ? ಪಕ್ಕದವರದು ಎಷ್ಟು? ಒಳಗೆ ಬಿಡದವರು ಯಾರು? ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಹೊಗಳಿ, ಬೇಕಿದ್ದರೆ ಬೈಯಿರಿ. ಅಲ್ಲಿಯವರೆಗೆ ಅವರದನ್ನಾಗಲೀ ನಿಮ್ಮದನ್ನಾಗಲೀ ಸಣ್ಣದು ಎನ್ನಬೇಡಿ.